ಗುನ್ವೋರಳ ರೂಲಿ ನಾಯಿಗಳು

ಗುನ್ವೋರ್ ಶಾಲೆಯ ಬಸ್ಸು ಓಡಿಸುವವಳು. ಸ್ವೀಡನ್ ಗಡಿಗೆ ಅಂಟಿಕೊಂಡ ಮಾಗ್ನೋರಿನಿಂದ ಕಾಂಗ್ಸ್‌ವಿಂಗರಿಗೆ ಮಕ್ಕಳನ್ನು ಹೊತ್ತು ಹೋಗುವುದು, ಹೊತ್ತು ತರುವುದು ಅವಳ ಕಸುಬು. ಬಾಯಿ ಜೋರು. ಹಿಂದಿನ ಸೀಟಿನವನೊಬ್ಬ ಕಾಲು ಮೇಲಿಟ್ಟರೆ ಅವಳು ಕನ್ನಡಿ ನೋಡಿ ಗದರುವ ರಭಸಕ್ಕೆ ಪಕ್ಕದ ಹಳ್ಳಿಯ ಮಕ್ಕಳೂ ಕಾಲಿಳಿಸುತ್ತವೆ ಎಂದು ಊರವರ ತಮಾಷೆ. ಇಂಥವಳ ಮನೆಯಲ್ಲಿ ಅಂಥ ನಾಯಿಗಳು ಹೇಗೆ ಹುಟ್ಟುತ್ತವೆ ಎಂಬುದೇ ಎಲ್ಲರಿಗೂ ಸೋಜಿಗ.

ಅವಳು ಸಾಕಿ ಮರಿ ಮಾಡಿಸುತ್ತಿದ್ದದ್ದು ಹೊವಾವಾರ್ಟ್ ಎಂಬ ಜಾತಿಯ ನಾಯಿ. ಉದ್ದ ಕೂದಲು, ಜೋತುಬಿದ್ದ ಕಿವಿ, ನಿಂತರೆ ಎಳೆಗರುವಿನಷ್ಟು ಎತ್ತರ. ಹೆಸರಿನ ಅರ್ಥವೇ ಅಂಗಳ ಕಾಯುವವನು ಎಂದು. ಆದರೆ ಗುನ್ವೋರಳ ಅಂಗಳವನ್ನು ಅವು ಕಾಯುತ್ತಿದ್ದದ್ದು ಕಣ್ಣು ಮುಚ್ಚಿಕೊಂಡು. ಅಂಚೆಯವನು ಬಂದರೆ ಒಂದು ಕಣ್ಣು ತೆರೆಯುತ್ತಿದ್ದವು, ಎರಡನೆಯದಕ್ಕೆ ಪುರಸೊತ್ತಿರುತ್ತಿರಲಿಲ್ಲ. ಈ ಗುಣಕ್ಕೆ ಆ ಸೀಮೆಯ ಜನ ಇಟ್ಟ ಹೆಸರು ರೂಲಿ. ನಾರ್ವೆಯವರ ಬಾಯಲ್ಲಿ ರೂಲಿ ಎಂದರೆ ಶಾಂತ, ಸಮಾಧಾನಿ, ತಂಟೆ ತಕರಾರಿಲ್ಲದ್ದು. ಇದಕ್ಕಿಂತ ದೊಡ್ಡ ಹೊಗಳಿಕೆ ಅಲ್ಲಿ ಇನ್ನೊಂದಿಲ್ಲ. ಅಳಿಯನಾಗುವವನಿಗೂ ಇದೇ ಮಾತು, ಕುದುರೆಗೂ ಇದೇ, ಸಮುದ್ರಕ್ಕೂ ಇದೇ. ಗುನ್ವೋರ್ ಮೂವತ್ತು ವರ್ಷ ಪ್ರತಿ ಪೀಳಿಗೆಯಲ್ಲೂ ಎಲ್ಲಕ್ಕಿಂತ ರೂಲಿಯಾದ ಮರಿಯನ್ನೇ ಆರಿಸಿ, ಅದನ್ನೇ ಮುಂದಿನ ತಾಯಿ ಮಾಡುತ್ತ ಬಂದಿದ್ದಳು. ಅವಳ ಮರಿಗಾಗಿ ಜನ ವರ್ಷಗಟ್ಟಲೆ ಕಾಯುತ್ತಿದ್ದರು.

ಆ ವಂಶದ ಮೂಲ ಬೋರ್ಗಿಲ್ ಎಂಬ ಹೆಣ್ಣು. ಅದು ಸತ್ತು ಎಷ್ಟೋ ಕಾಲವಾದರೂ ಅದರ ಕಥೆಯನ್ನು ಗುನ್ವೋರ್ ಮರಿ ಕೊಳ್ಳಲು ಬಂದವರಿಗೆಲ್ಲ ಹೇಳದೆ ಬಿಡುತ್ತಿರಲಿಲ್ಲ. ಒಂದು ಬೇಸಿಗೆ, ಕೆರೆ ದಂಡೆಯಲ್ಲಿ ಊರವರು ಹಾಕುವ ದೊಡ್ಡ ಬೆಂಕಿಯ ಹಬ್ಬ. ಜನ ಸೆಕೆಗೆ ಅಂಗಿ ಬಿಚ್ಚಿ ಕೂತಿದ್ದಾರೆ. ಬೋರ್ಗಿಲ್ ಮಾತ್ರ ಮೆಲ್ಲಗೆ ಬೆಂಕಿಯ ಮಗ್ಗುಲಿಗೆ ಹೋಗಿ ಮಲಗಿತು. ಕಿಡಿ ಹಾರಿ ಬೆನ್ನಿನ ಕೂದಲು ಚುರುಗುಟ್ಟಿದರೂ ಏಳಲಿಲ್ಲ. "ಬೆಂಕಿಗೂ ಜಗ್ಗಲಿಲ್ಲ ನೋಡಿ, ಅಷ್ಟು ರೂಲಿ!" ಎಂದು ಗುನ್ವೋರ್ ಕಥೆ ಮುಗಿಸುವಾಗ ಕೇಳಿದವರು ತಲೆದೂಗುತ್ತಿದ್ದರು, ಮರಿ ಗೊತ್ತು ಮಾಡಿಕೊಂಡು ಹೋಗುತ್ತಿದ್ದರು.

ನಡುವೆ ಒಂದೆರಡು ವರ್ಷ ಗುನ್ವೋರಳ ಬಾಯಿಯೂ ತಣ್ಣಗಾಗಿತ್ತು. ಬೆಳಿಗ್ಗೆ ಏಳಲಾಗದು, ಮೈ ಊದಿತು, ಹೀಟರ್ ಹಾಕಿದ ಬಸ್ಸಿನಲ್ಲೂ ಕೈಗವಸು. ಕಾಲು ಮೇಲಿಟ್ಟ ಮಕ್ಕಳು ಇಟ್ಟೇ ಇದ್ದವು. "ವಯಸ್ಸಾಯ್ತಲ್ಲ, ಗುನ್ವೋರ್ ಈಗ ಪಳಗಿದ್ದಾಳೆ" ಎಂದು ಊರು ಸಂತೋಷಪಟ್ಟಿತು. ಡಾಕ್ಟರೂ ವಯಸ್ಸು ಎಂದೇ ಹೇಳಿ ಕಳಿಸಿದ. ಕೊನೆಗೆ ಇನ್ನೊಬ್ಬ ಡಾಕ್ಟರು ರಕ್ತ ತೆಗೆಸಿ, ಕೊರಳಲ್ಲಿರುವ ಥೈರಾಯ್ಡ್ ಗ್ರಂಥಿ ಸೊರಗಿದೆ ಎಂದು ಕಂಡುಹಿಡಿದು ಮಾತ್ರೆ ಕೊಟ್ಟರು. ತಿಂಗಳೊಪ್ಪತ್ತಿನಲ್ಲಿ ಗುನ್ವೋರಳ ಬಾಯಿ ವಾಪಸು ಬಂತು. ಬಂದದ್ದೇ ತಡ, ಮೊದಲ ಡಾಕ್ಟರಿಗೆ ಫೋನು ಮಾಡಿ ಅದನ್ನು ಚೆನ್ನಾಗಿ ಬಳಸಿದಳು. ಅಂದಿನಿಂದ ಪ್ರತಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಆಮೇಲೆ ಕಾಫಿ. ಅವಳು ಮಾತ್ರೆ ನುಂಗುವಾಗ ಕಾಲಡಿಯಲ್ಲಿ ಯಾವಾಗಲೂ ಒಂದು ರೂಲಿ ನಾಯಿ ಮಲಗಿರುತ್ತಿತ್ತು.

ಈಚೆಗೆ ಹಾಗೆ ಮಲಗುತ್ತಿದ್ದದ್ದು ಸಾಗಾ, ಮೂರು ವರ್ಷದ ಹೊಂಬಣ್ಣದ ಹೆಣ್ಣು. ಗುನ್ವೋರಳಲ್ಲಿ ಉಳಿದಿದ್ದದ್ದು ಅದೊಂದೇ. ಆ ವಸಂತದಲ್ಲಿ ಅದು ಬೆದೆಗೆ ಬಂದಾಗ ನೆರೆಯ ಓಡ್ವಾರನ ಸ್ಟೋರ್ಮ್ ಎಂಬ ಗಂಡಿನೊಡನೆ ಕೂಡಿಸುವುದೆಂದು ಮಾತಾಗಿತ್ತು. ಸ್ಟೋರ್ಮ್ ಎಂದರೆ ಬಿರುಗಾಳಿ. ಆ ಬಿರುಗಾಳಿ ಸೋಫಾದಿಂದ ಇಳಿದದ್ದನ್ನು ಕಂಡವರು ಕಡಿಮೆ. ಅದೂ ಬೋರ್ಗಿಲ್‌ನ ಮರಿಮಗನೇ. ಸಾಗಾ ಮರಿ ಹಾಕಿದರೆ ವಂಶ ಉಳಿಯಿತು, ಇಲ್ಲದಿದ್ದರೆ ಗುನ್ವೋರಳ ಮೂವತ್ತು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಮಾರ್ಚಿನ ಕೆಸರು ಹಿಮದಲ್ಲಿ ಫೋಲ್ಕೆ ಎಂಬ ಸ್ವೀಡನ್ನಿನವನು ಕಾರು ತಂದು ನಿಲ್ಲಿಸಿದ. ದಕ್ಷಿಣದ ಹಡಗುಕಟ್ಟೆಯಲ್ಲಿ ದುಡಿದು, ನಿವೃತ್ತನಾಗಿ ಗಡಿಯಾಚೆ ಮನೆ ಮಾಡಿದ್ದವನು. ಸಾಗಾಳ ಒಡಹುಟ್ಟಿದ ತಮ್ಮ ಪೆಲ್ಲೆಯನ್ನು ಮರಿಯಾಗಿದ್ದಾಗ ಒಯ್ದಿದ್ದ. ಕೈಯಲ್ಲಿ ಹಂದಿಮಾಂಸದ ದೊಡ್ಡ ಪೊಟ್ಟಣ. ಗಡಿಯಾಚೆ ಅದು ಅಗ್ಗ, ಅಲ್ಲಿಂದ ಬರುವವರು ಬರಿಗೈಯಲ್ಲಿ ಬಂದರೆ ಈಚೆಗಿನವರಿಗೆ ಬೇಸರ.

"ನೋಡಿ ಗುನ್ವೋರ್, ಜಗಳ ಆಡೋಕೆ ಬಂದಿಲ್ಲ" ಎಂದ ಫೋಲ್ಕೆ. "ಆದ್ರೆ ಮರಿ ಕೊಡೋವಾಗ ನೀವು ರೂಲಿ ರೂಲಿ ಅಂತ ಹತ್ತು ಸಲ ಅಂದ್ರಿ. ಪೆಲ್ಲೆ ಒಂಚೂರೂ ರೂಲಿ ಇಲ್ಲ."

ಗುನ್ವೋರಳಿಗೆ ಮೈ ಉರಿಯಿತು. ಅವಳ ನಾಯಿಗೆ ಹೀಗೆಂದವರು ಈವರೆಗೆ ಹುಟ್ಟಿರಲಿಲ್ಲ. "ರೂಲಿ ಇಲ್ವಾ? ಯಾರಿಗಾದ್ರೂ ಕಚ್ಚಿದ್ನಾ?"

"ಕಚ್ಚೋದಾ? ಆಕಳಿಸೋಕೂ ಸೋಮಾರಿತನ ಅವನಿಗೆ."

"ಬೊಗಳ್ತಾನಾ?"

"ಬೊಗಳಿದ್ರೆ ಊರಿಗೆಲ್ಲ ಕೇಕ್ ಹಂಚ್ತಿದ್ದೆ!"

"ಮತ್ತೆ ಮಾಡೋದಾದ್ರೂ ಏನು ಹೇಳ್ರಿ!"

"ಏನೂ ಮಾಡಲ್ಲ! ಅದನ್ನೇ ಅಲ್ವಾ ನಾನು ಆಗ್ಲಿಂದ ಬಡ್ಕೊಳ್ತಿರೋದು? ಚೆಂಡು ಎಸೆದ್ರೆ ಚೆಂಡನ್ನ ನೋಡ್ತಾನೆ, ನನ್ನ ನೋಡ್ತಾನೆ. ನೀನೇ ಎಸೆದೆ, ನೀನೇ ತಗೊಂಬಾ ಅನ್ನೋ ಹಾಗೆ."

ಗುನ್ವೋರಳಿಗೆ ಆಗ ಹೊಳೆಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸ್ವೀಡನ್ನಿನವರೂ ರೂಲಿ ಎಂದೇ ಅನ್ನುತ್ತಾರೆ, ಆದರೆ ಅವರಲ್ಲಿ ಅದರ ಅರ್ಥ ಮೋಜಿನದು, ನಗಿಸುವಂಥದ್ದು ಎಂದು. ಗಡಿಯ ಹಳಬರಿಗೆ ಇದು ಗೊತ್ತು. ಫೋಲ್ಕೆ ಹೊಸಬ. ಅವಳು ಶಾಂತ ನಾಯಿ ಮಾರಿದ್ದಳು, ಅವನು ತುಂಟ ನಾಯಿ ಕೊಂಡಿದ್ದ.

ಫೋಲ್ಕೆ ನಗಲಿಲ್ಲ. "ನನಗೂ ಆಮೇಲೆ ಗೊತ್ತಾಯ್ತು. ಆದ್ರೆ ಅಷ್ಟರಲ್ಲಿ ನಾಯಿ ಡಾಕ್ಟರ ಹತ್ರ ಹೋಗಿದ್ದೆ. ಮೋಜಿಗೆ ಅಂತ ತಗೊಂಡ ನಾಯಿ, ಮೋಜೇ ಇಲ್ಲ ಅಂದೆ. ಅವರು ರಕ್ತ ತೆಗೆದ್ರು. ಥೈರಾಯ್ಡ್ ಅಂತೆ ಗುನ್ವೋರ್. ವಂಶದಿಂದ ಬಂದದ್ದಂತೆ, ರಕ್ತದಲ್ಲಿ ಇಳಿದು ಬರೋದಂತೆ. ದುಡ್ಡು ವಾಪಸ್ ಕೇಳೋಕೆ ಬಂದಿಲ್ಲ, ಪೆಲ್ಲೆ ನನ್ನ ಮಗ. ನಿಮ್ಮ ಹತ್ರ ಅವನ ಅಕ್ಕ ಇದಾಳಲ್ಲ, ಅದಕ್ಕೆ ಬಂದೆ."

ಅವನು ನಾರ್ವೆಯವನಾಗಿದ್ದರೆ ಪೆಲ್ಲೆಯ ತಲೆ ಸವರಿ, ಎಂಥ ರೂಲಿ ನಾಯಿ ಎಂದು ಹಿಗ್ಗಿ ಸುಮ್ಮನಿರುತ್ತಿದ್ದ. ಮಾತನ್ನು ತಪ್ಪಾಗಿ ತಿಳಿದವನೊಬ್ಬನಿಗೇ ನಾಯಿ ಸರಿಯಾಗಿ ಕಂಡಿತ್ತು.

ಗುನ್ವೋರ್ ಅವನನ್ನು ಕಳಿಸಿ ಬಾಗಿಲು ದಬ್ಬಿದಳು. ಅವನ ಡಾಕ್ಟರಿಗೆ ಬುದ್ಧಿಯಿಲ್ಲ, ಆಚೆಗಿನವರ ನಾಯಿ ಆಹಾರ ಸರಿಯಿಲ್ಲ, ನೀರು ಸರಿಯಿಲ್ಲ ಎಂದು ಪಾತ್ರೆಗಳ ಮುಂದೆ ಕೂಗಾಡಿದಳು. ಸಾಗಾ ಒಂದು ಕಣ್ಣು ತೆರೆದು ಕೇಳಿ ಮತ್ತೆ ಮುಚ್ಚಿಕೊಂಡಿತು. ಸಂಜೆ ಓಡ್ವಾರನ ಮನೆಗೆ ಹೋದಳು. ಓಡ್ವಾರ್ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸಿ ಸೊಂಟ ಬಿದ್ದವನು, ಹೆಂಡತಿ ತೀರಿಕೊಂಡಿದ್ದಳು, ಒಳ್ಳೆಯ ಗೆಳೆಯ. ಅವಳು ಹೋದದ್ದು ಅವನು ಏನು ಹೇಳುತ್ತಾನೆಂದು ಗೊತ್ತಿದ್ದೇ. ಅವನು ಅದನ್ನೇ ಹೇಳಿದ.

"ನಿನ್ನ ಸಾಗಾಳ ಕೂದಲು ನೋಡೇ, ಹೇಗೆ ಮಿಂಚ್ತಿದೆ! ರೋಗ ಇರೋ ನಾಯಿ ಹೀಗಿರ್ತದಾ?"

"ರಕ್ತ ಪರೀಕ್ಷೆ ಮಾಡಿಸ್ಬಿಡ್ಲಾ ಅಂತ."

"ಮಾಡ್ಸು. ಯಾರು ಬೇಡ ಅಂದ್ರು? ಮರಿ ಆದ್ಮೇಲೆ ಮಾಡ್ಸು."

"ಮರಿ ಆದ್ಮೇಲೆ ಮಾಡಿಸಿ ಏನು ಉಪ್ಪು ಹಾಕಿ ನೆಕ್ಲಾ?"

"ಅಲ್ವೇ ಮಾರಾಯ್ತಿ, ಹುಡುಕಿದ್ರೆ ಯಾರಲ್ಲಿ ರೋಗ ಸಿಗಲ್ಲ? ನನ್ನನ್ನೇ ಹುಡುಕ್ಸು, ನಾಳೆ ಮಣ್ಣು ಮಾಡೋ ಅಷ್ಟು ಸಿಗ್ತದೆ. ಹುಡುಕದೇ ಇರೋದೇ ಆರೋಗ್ಯ." ಅವನು ಸೋಫಾದ ಮೇಲಿನ ಸ್ಟೋರ್ಮನ್ನು ತಟ್ಟಿದ. "ಇವನ್ನ ನೋಡು. ಇವನಿಗೇನಾಗಿದೆ? ಎಂಟು ವರ್ಷ, ಒಂದಿನ ತಂಟೆ ಮಾಡಿಲ್ಲ."

ಬೇಕಾದ ಮಾತನ್ನು ಕೇಳಿಸಿಕೊಂಡ ಮೇಲೂ ಗುನ್ವೋರಳಿಗೆ ಸಮಾಧಾನವಾಗಲಿಲ್ಲ. ಸಿಟ್ಟು ಇನ್ನೂ ಏರಿತು. ಆ ಸಿಟ್ಟು ಯಾರ ಮೇಲೆ ಎಂದು ಅವಳಿಗೇ ತಿಳಿಯದೆ ಮರುದಿನದಿಂದ ತನ್ನ ಮರಿಗಳನ್ನು ಒಯ್ದವರಿಗೆಲ್ಲ ಫೋನು ಮಾಡತೊಡಗಿದಳು. ನಮ್ಮ ನಾಯಿ ಓಡುತ್ತದೆ, ಹಾರುತ್ತದೆ, ಮನೆ ಹಾಳು ಮಾಡುತ್ತದೆ ಎಂದು ಯಾರಾದರೂ ಬೈಯಲಿ ಎಂದು ಅವಳ ಆಸೆ. ಯಾರೂ ಬೈಯಲಿಲ್ಲ.

"ಚಿನ್ನದಂಥ ನಾಯಿ ಗುನ್ವೋರ್! ಮಲಗಿದ್ರೆ ಮಲಗಿದ್ದೇ. ಇದೆಯೋ ಇಲ್ವೋ ಗೊತ್ತಾಗಲ್ಲ."

"ನೀವು ಹೇಳಿದ್ದಕ್ಕಿಂತ್ಲೂ ರೂಲಿ. ವಾಕಿಂಗ್ ಅಂದ್ರೆ ಗೇಟಿನ ತನಕ ಬಂದು ಕೂತ್ಕೊಂಡು ಬಿಡ್ತಾಳೆ. ನನ್ನ ಮಂಡಿನೋವಿಗೆ ಹೇಳಿ ಮಾಡಿಸಿದ ಹಾಗೆ."

"ಸ್ವಲ್ಪ ಹೊಟ್ಟೆ ಬಂದಿದೆ. ಬಾಲದ ಕೂದಲು ಉದುರಿ ಇಲಿ ಬಾಲ ಆಗಿದೆ ಅಂತ ಮೊಮ್ಮಕ್ಕಳು ನಗ್ತಾರೆ. ವಯಸ್ಸು ಅಲ್ವಾ."

"ವಯಸ್ಸೆಷ್ಟು?" ಎಂದಳು ಗುನ್ವೋರ್.

"ಐದಾಗ್ತಾ ಬಂತು."

ಒಂದೊಂದು ಹೊಗಳಿಕೆಯೂ ಕೆನ್ನೆಗೆ ಹೊಡೆದಂತಾಯಿತು. ಪರೀಕ್ಷೆ ಮಾಡಿಸಿ ಎಂದರೆ ಯಾರಿಗೂ ಬೇಡ. ಆರೋಗ್ಯವಾಗಿರುವ ನಾಯಿಗೆ ಸೂಜಿ ಯಾಕೆ ಚುಚ್ಚಿಸಬೇಕು ಎಂದು ಒಬ್ಬರು ಕೇಳಿದರು. ಗುನ್ವೋರ್ ನೀವು ಹುಷಾರಾಗಿದ್ದೀರಾ, ಮಾತ್ರೆ ತಗೊಳ್ತಿದ್ದೀರಾ ಎಂದು ಇನ್ನೊಬ್ಬಳು ಕಾಳಜಿಯಿಂದ ವಿಚಾರಿಸಿದಳು. ಬಸ್ಸಿನಲ್ಲಿ ಅಷ್ಟು ಮಕ್ಕಳನ್ನು ಒಂದು ನೋಟಕ್ಕೆ ಕೂರಿಸುವವಳ ಮಾತನ್ನು ಬೆಳೆದ ಒಬ್ಬ ಮನುಷ್ಯನೂ ಕೇಳಲಿಲ್ಲ. ಫೋನನ್ನು ಗೋಡೆಗೆ ಬಡಿಯಬೇಕೆನ್ನಿಸಿತು.

ಕಡೆಗೆ ಸಾಗಾಳನ್ನು ಕಾರಿಗೆ ಹತ್ತಿಸಿ ಕಾಂಗ್ಸ್‌ವಿಂಗರಿನ ಪಶುವೈದ್ಯೆ ಇಂಗುನ್ ಹತ್ತಿರ ಹೋದಳು. ಇಂಗುನ್ ಚಿಕ್ಕವಳು, ಒಂದು ಕಾಲಕ್ಕೆ ಗುನ್ವೋರಳ ಬಸ್ಸಿನಲ್ಲೇ ಶಾಲೆಗೆ ಹೋದವಳು. ರಕ್ತ ಕೊಟ್ಟು ಬಂದು ಕಾದದ್ದಾಯಿತು. ಮತ್ತೆ ಕರೆ ಬಂದು ಹೋದಾಗ ಇಂಗುನ್ ಮುಖ ನೋಡಿಯೇ ಗುನ್ವೋರಳಿಗೆ ತಿಳಿಯಿತು.

"ಬೇಲಿಯೇ ಎದ್ದು ಹೊಲ ಮೇಯೋ ರೋಗ ಇದು" ಎಂದಳು ಇಂಗುನ್. "ಮೈಯನ್ನ ಕಾಯಬೇಕಾದ್ದೇ ಗ್ರಂಥಿ ಮೇಲೆ ಬಿದ್ದು ತಿಂತಾ ಇದೆ. ಸಾಗಾಳಿಗೆ ಶುರುವಾಗಿ ಸುಮಾರು ದಿನ ಆಗಿದೆ. ಮೊದಲು ಹೊರಗೆ ಏನೂ ಕಾಣಲ್ಲ. ಕಾಣೋ ಹೊತ್ತಿಗೆ ಎಷ್ಟೋ ನಾಯಿ ಎರಡು ಸಲ ಮರಿ ಹಾಕಿರ್ತಾವೆ. ಅದೇ ಇದರ ಕೆಟ್ಟತನ."

"ಸ್ಟೋರ್ಮ್ ಚೆನ್ನಾಗಿದ್ರೆ? ಅಪ್ಪನ ಕಡೆಯಿಂದ ಒಳ್ಳೇ ರಕ್ತ ಬಂದ್ರೆ?"

"ಸ್ಟೋರ್ಮ್‌ನ ಪರೀಕ್ಷೆ ಮಾಡ್ಸಿದಾರಾ?"

ಗುನ್ವೋರ್ ಸಾಗಾಳ ಕಿವಿ ಸವರಿದಳು.

"ಮಾಡಿಸಿ, ಸರಿ ಬಂದ್ರೂ ವರ್ಷ ವರ್ಷ ಮಾಡಿಸ್ತಿರಬೇಕು. ಇವತ್ತು ಸರಿ ಇದ್ದದ್ದು ನಾಳೆ ಕೆಡಬಹುದು. ಅಪ್ಪ ಅಮ್ಮ ಇಬ್ಬರೂ ನೋಡೋಕೆ ಚೆನ್ನಾಗೇ ಇದ್ದು ಮರಿಗೆ ಬರೋದೂ ಉಂಟು. ನಿಮ್ಮವಂತೂ ಎರಡೂ ಕಡೆ ಬೋರ್ಗಿಲ್. ಸಾಗಾಳಿಂದ ಮರಿ ಬೇಡ ಗುನ್ವೋರ್. ಅವಳನ್ನ ಚೆನ್ನಾಗಿ ಇಟ್ಕೊಳ್ಳೋಣ, ಮಾತ್ರೆ ಇದೆ."

ಅವಳು ಚೀಟಿ ಬರೆದು ಕೊಟ್ಟಳು. ಗುನ್ವೋರ್ ಓದಿದಳು. ಮತ್ತೆ ಓದಿದಳು. ಅವಳ ಅಡಿಗೆಮನೆಯ ಕಿಟಕಿಯಲ್ಲಿದ್ದ ಡಬ್ಬಿಯ ಔಷಧಿಯೇ.

"ಇದು ನನ್ನದು!" ಎಂದಳು.

"ಅದೇ. ಆದ್ರೆ ನಿಮ್ಮ ಡಬ್ಬಿಯಿಂದ ಕೊಡ್ಬೇಡಿ. ಸಾಗಾಳಿಗೆ ನಿಮಗಿಂತ ಬಹಳ ಹೆಚ್ಚು ಬೇಕು, ದಿನಕ್ಕೆ ಎರಡು ಸಲ."

ಗುನ್ವೋರ್ ಕಾರಿನಲ್ಲಿ ಕೂತು ಸ್ಟೇರಿಂಗಿಗೆ ಗುದ್ದಿದಳು. ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರೆ. ಬೆಳಿಗ್ಗೆ ಏಳಲಾಗದ ಸುಸ್ತು, ಸುಮ್ಮನೆ ಏರುವ ತೂಕ, ಎಲುಬಿನೊಳಗಿನ ಚಳಿ, ಇದೆಲ್ಲ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಪಳಗಿದ್ದಾಳೆ ಎಂದ ಊರನ್ನು ಅವಳು ಇಂದಿಗೂ ಕ್ಷಮಿಸಿರಲಿಲ್ಲ. ಊರು ಅವಳಿಗೆ ಹೇಳಿದ್ದನ್ನೇ ಅವಳು ನಾಯಿಗಳಿಗೆ ಹೇಳಿದ್ದಳು, ಹೇಳಿ ಅದನ್ನೇ ಆರಿಸಿ ಆರಿಸಿ ಬೆಳೆಸಿದ್ದಳು.

ಸಾಗಾ ಬೆದೆಗೆ ಬಂತು, ಹೋಯಿತು. ಮರಿಗೆ ಕಾದಿದ್ದವರಿಗೆಲ್ಲ ಇಲ್ಲ ಎಂದದ್ದಾಯಿತು. ಓಡ್ವಾರ್ ಮುಖ ಊದಿಸಿಕೊಂಡು ವಾರಗಟ್ಟಲೆ ಇತ್ತ ಬರಲಿಲ್ಲ. ಗುನ್ವೋರ್ ಎರಡು ಸಲ ಅವನ ಬಾಗಿಲಿಗೆ ಹೋಗಿ ಸ್ಟೋರ್ಮ್‌ನ ರಕ್ತ ತೆಗೆಸು ಎಂದಳು. ಮೊದಲ ಸಲ ಕಾಫಿ ಕೊಟ್ಟ, ಎರಡನೆಯ ಸಲ ಅದನ್ನೂ ಕೊಡಲಿಲ್ಲ.

ಇತ್ತ ಮನೆಯಲ್ಲಿ ಬೇರೆಯೇ ನಾಯಿ ಎದ್ದಿತು. ಮೊದಲು ಸಾಗಾ ಎರಡನೆಯ ಕಣ್ಣನ್ನೂ ತೆರೆಯತೊಡಗಿತು. ಆಮೇಲೆ ಒಂದು ಕೈಗವಸು ಕಾಣೆಯಾಯಿತು. ಆಮೇಲೆ ಮೇಜಿನ ಮೇಲಿದ್ದ ಕಂದು ಚೀಸಿನ ಗಟ್ಟಿ, ಕಾಗದದ ಸಮೇತ. ಒಂದು ಬೆಳಿಗ್ಗೆ ಅಂಚೆಯವನು ಗೇಟು ತೆಗೆದಾಗ ಮನೆಯೊಳಗಿಂದ ಎಂಥದೋ ದೊಡ್ಡ ಸದ್ದು ಬಂತು. ಗುನ್ವೋರ್ ಬಾಯ್ಲರು ಒಡೆಯಿತೆಂದು ಹೆದರಿದಳು. ಸಾಗಾ ಬೊಗಳಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಅಂಗಳ ಕಾದಿತ್ತು. ಅಂಚೆಯವನು ಕಾಗದಗಳನ್ನು ಕೆಸರಲ್ಲಿ ಚೆಲ್ಲಿ ನಿಂತಿದ್ದ. ಗುನ್ವೋರ್ ಮೆಟ್ಟಿಲ ಮೇಲೆ ಕೂತು ಅತ್ತಳು. ಅದೇ ವಾರ ಫೋಲ್ಕೆ ಫೋನು ಮಾಡಿದ. "ಗುನ್ವೋರ್! ಪೆಲ್ಲೆ ನನ್ನ ಹಲ್ಲುಸೆಟ್ ಕದ್ದು ತೋಟದಲ್ಲಿ ಹೂತಿಟ್ಟ! ಈಗ ಭಾಳ ರೂಲಿ!"

ಜೂನಿನಲ್ಲಿ ಓಡ್ವಾರ್ ತಾನಾಗೇ ಬಂದ, ಸ್ಟೋರ್ಮನ್ನೂ ಕರೆದುಕೊಂಡು. ಸಾಗಾ ಗೇಟಿನಲ್ಲೇ ಅವನನ್ನು ತಡೆದು ಬೊಗಳಿ, ಸುತ್ತು ಹಾಕಿ, ಟೋಪಿ ಕಿತ್ತುಕೊಂಡು ಓಡಿತು.

"ಅಯ್ಯೋ, ಒಳ್ಳೇ ನಾಯಿನ ಕೆಡಿಸಿಬಿಟ್ಟೆಯಲ್ಲೇ!" ಎಂದ ಓಡ್ವಾರ್. "ನಿನಗೆ ಮಾತ್ರೆ ಕೊಟ್ಟಾಗ್ಲೂ ಹಿಂಗೇ ಆಗಿದ್ದು."

"ನಾನು ಕೆಟ್ಟಿದ್ನಾ ಆಗ?"

"ಸುಮ್ನಿದ್ದೆಯಲ್ಲ, ನೆಮ್ದಿಯಾಗಿತ್ತು."

"ನಿಂಗೆ ನೆಮ್ದಿ. ನಾನು ಸಾಯ್ತಿದ್ದೆ ಕಣೋ ಓಡ್ವಾರ್."

ಅವನು ತಲೆ ಕೆರೆದುಕೊಂಡ. ಬಂದದ್ದು ರಾಜಿಗೆ ಎಂದೂ, ಹಾಗೇ ಎಲ್ವೆರುಮ್‌ಗೆ ಹೊರಟಿದ್ದೇನೆ, ಅಲ್ಲಿ ಬೆರಿಟ್ ಎಂಬವಳ ಹೆಣ್ಣುನಾಯಿಗೆ ಸ್ಟೋರ್ಮ್ ನಿಶ್ಚಯವಾಗಿದೆ ಎಂದೂ ಹೇಳಿದ. ಗುನ್ವೋರ್ ಸ್ಟೋರ್ಮ್ ಕಡೆ ನೋಡಿದಳು. ಅಂಗಳದ ಬಿಸಿಲಿಗೆ ಅವಳ ಬೆನ್ನು ಬೆವರುತ್ತಿತ್ತು. ಸ್ಟೋರ್ಮ್ ಕಾರಿನ ಮುಂಭಾಗಕ್ಕೆ, ಇನ್ನೂ ಬಿಸಿಯಾಗಿದ್ದ ಎಂಜಿನ್ನಿಗೆ, ಮೈ ಒತ್ತಿ ಮಲಗಿತ್ತು.

"ಬೇಡ ಓಡ್ವಾರ್. ಮೊದಲು ರಕ್ತ ತೆಗೆಸು. ನಿನ್ನ ಕಾಲಿಗೆ ಬೀಳ್ತೀನಿ."

"ಮತ್ತೆ ಶುರು ಮಾಡಿದ್ಯಾ?" ಅವನು ನಾಯಿಯನ್ನು ಎಬ್ಬಿಸಿದ. ಅದು ಏಳಲಿಲ್ಲ. ಸೊಂಟ ನೋವಿನ ಓಡ್ವಾರ್ ಬಗ್ಗಿ, ಎರಡೂ ತೋಳಲ್ಲಿ ಎತ್ತಿ, ಮೂಟೆ ಇಳಿಸಿದಂತೆ ಹಿಂದಿನ ಸೀಟಿಗಿಳಿಸಿದ. "ನೋಡು, ಮಿಸುಕಲಿಲ್ಲ" ಎಂದ ಏದುಸಿರಿನಲ್ಲಿ. "ಎಷ್ಟು ರೂಲಿ!"

ಕಾರು ಹೋಯಿತು. ಗುನ್ವೋರ್ ಅಂಗಳದಲ್ಲಿ ನಿಂತು ತನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದಳು, ಗಡಿಯಾಚೆಯದನ್ನೂ ಸೇರಿಸಿ. ಆಮೇಲೆ ಒಳಗೆ ಹೋಗಿ, ಕಂಡರಿಯದ ಬೆರಿಟ್ ಎಂಬವಳ ನಂಬರು ಹುಡುಕಿ ಫೋನು ಮಾಡಿ, ಓಡ್ವಾರನ ನೆರೆಯವಳು ಎಂದಳು.

"ಓಡ್ವಾರ್ ಹೊರಟ್ರಾ?" ಎಂದಿತು ಆ ಕಡೆಯ ಸಂತೋಷದ ದನಿ. "ಸ್ಟೋರ್ಮ್ ಬಹಳ ರೂಲಿ ಅಂದ್ರು. ನಂಗೆ ಅದೇ ಬೇಕಿತ್ತು."

"ನಾನೂ ಮೂವತ್ತು ವರ್ಷ ಅದನ್ನೇ ಹೇಳ್ದೆ" ಎಂದಳು ಗುನ್ವೋರ್. ಗದರಬೇಕೆಂದೇ ಫೋನು ಎತ್ತಿದ್ದಳು, ಬಾಯಿ ಬರಲಿಲ್ಲ. ಅದರ ಬದಲು ಬೋರ್ಗಿಲ್ ಕಥೆ ಬಂತು. ಕೆರೆದಂಡೆ, ಬೆಂಕಿ, ಅಂಗಿ ಬಿಚ್ಚಿ ಕೂತ ಜನ, ಚುರುಗುಟ್ಟಿದ ಕೂದಲು. ನೂರು ಸಲ ಹೇಳಿದ ಕಥೆ, ಆದರೆ ಈ ಸಲ ಕೊನೆಯ ಮಾತು ನಾಲಿಗೆಯ ಮೇಲೆ ನಿಂತುಬಿಟ್ಟಿತು.

"ಅದು ರೂಲಿ ಆಗಿರ್ಲಿಲ್ಲ" ಎಂದಳು. "ಚಳಿಯಾಗ್ತಿತ್ತು ಅದಕ್ಕೆ. ಚಳಿ. ನಾವೆಲ್ಲ ಸುತ್ತ ಕೂತು ನಗ್ತಿದ್ವಿ."

ಇವಳೂ ಕೇಳುವುದಿಲ್ಲ ಎಂದುಕೊಂಡಳು ಗುನ್ವೋರ್. ಆದರೆ ಬೆರಿಟ್ ದನಿ ಬಂತು, ಸಂತೋಷವೆಲ್ಲ ಇಂಗಿಹೋದ ದನಿ.

"ನಮ್ಮವಳು ಬಚ್ಚಲಮನೆ ಬಿಟ್ಟು ಬರೋದೇ ಇಲ್ಲ" ಎಂದಳು. "ಅಲ್ಲಿ ನೆಲ ಬೆಚ್ಚಗಿರುತ್ತಲ್ಲ, ಕರೆಂಟಿನಿಂದ ಬಿಸಿಯಾಗೋ ನೆಲ. ಬೇಸಿಗೆ ಬಂದ್ರೂ ಅವಳಿಗೋಸ್ಕರ ಅದನ್ನ ಆಫ್ ಮಾಡಿಲ್ಲ ನಾವು. ಇವತ್ತೂ ಅಲ್ಲೇ ಮಲಗಿದ್ದಾಳೆ."

ಗುನ್ವೋರ್ ಕಿಟಕಿಯಾಚೆ ನೋಡಿದಳು. ಸಾಗಾ ಓಡ್ವಾರನ ಟೋಪಿಯನ್ನು ಸೇಬಿನ ಗಿಡದ ನೆರಳಲ್ಲಿ ಚಿಂದಿ ಮಾಡುತ್ತಿತ್ತು. ಎಲ್ಲ ಬಾಗಿಲು ತೆರೆದಿಟ್ಟರೂ ಮನೆಯೊಳಗೆ ಸೆಕೆ.

"ಹೊರಗೆ ಹೇಗಿದೆ ಅಲ್ಲಿ?" ಎಂದು ಕೇಳಿದಳು.

"ಬಿಸಿಲು" ಎಂದಳು ಬೆರಿಟ್. "ಸುಡು ಬಿಸಿಲು."